ಮಂಗಳೂರು ಪ್ರದೇಶದಲ್ಲಿ ನರವೈಜ್ಞಾನಿಕ ಪುನಶ್ಚೇತನ ಸೇವೆಗಳು

ನರವೈಜ್ಞಾನಿಕ ಪುನಶ್ಚೇತನವು ಮಿದುಳು, ಬೆನ್ನುಹುರಿ ಅಥವಾ ನರಗಳಿಗೆ ಹಾನಿಯಾದ ವ್ಯಕ್ತಿಗೆ ನಡಿಗೆ, ಮಾತು, ನುಂಗುವಿಕೆ, ಕೈಕೆಲಸ, ನೆನಪು ಮೊದಲಾದ ಸಾಮರ್ಥ್ಯಗಳನ್ನು ಸಾಧ್ಯವಾದಷ್ಟು ಮರಳಿ ದೊರಕಿಸುವ ಚಿಕಿತ್ಸಾ ಕ್ರಮಗಳ ಸಮೂಹವಾಗಿದೆ. ಕಳೆದುಹೋದ ಸಾಮರ್ಥ್ಯ ಮರಳದಿದ್ದಾಗ ಉಳಿದ ಸಾಮರ್ಥ್ಯದಿಂದಲೇ ದಿನನಿತ್ಯದ ಬದುಕನ್ನು ನಡೆಸಲು ಕಲಿಸುವುದೂ ಇದರ ಭಾಗವಾಗಿದೆ. ಪಾರ್ಶ್ವವಾಯು, ತಲೆಗೆ ಆದ ಪೆಟ್ಟು, ಬೆನ್ನುಹುರಿಯ ಗಾಯ, ಪಾರ್ಕಿನ್ಸನ್ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್, ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಮರೆಗುಳಿತನ ಮುಂತಾದವು ಇಂತಹ ಸೇವೆಯ ಅಗತ್ಯವಿರುವ ಪ್ರಮುಖ ಸ್ಥಿತಿಗಳು.

ಕರ್ನಾಟಕದ ಕರಾವಳಿಯ ಪ್ರಮುಖ ನಗರವಾದ ಮಂಗಳೂರು ವೈದ್ಯಕೀಯ ಸೇವೆ ಮತ್ತು ಶಿಕ್ಷಣದ ಕೇಂದ್ರವಾಗಿದೆ. ದಕ್ಷಿಣ ಕನ್ನಡದ ಜೊತೆಗೆ ನೆರೆಯ ಜಿಲ್ಲೆಗಳ ಹಾಗೂ ಕೇರಳದ ಕಾಸರಗೋಡಿನ ರೋಗಿಗಳು ಇಲ್ಲಿಗೆ ಬರುತ್ತಾರೆ. ತುರ್ತು ಚಿಕಿತ್ಸೆಯ ವ್ಯವಸ್ಥೆ ಬೆಳೆದಿದ್ದರೂ, ಆಸ್ಪತ್ರೆಯಿಂದ ಬಿಡುಗಡೆಯಾದ ನಂತರ ತಿಂಗಳುಗಟ್ಟಲೆ ಬೇಕಾಗುವ ಪುನಶ್ಚೇತನ ಸೇವೆಯು ಅದೇ ಪ್ರಮಾಣದಲ್ಲಿ ಮನೆಯ ಸಮೀಪಕ್ಕೆ ತಲುಪಿಲ್ಲ. ಈ ಕೊರತೆಗೆ ದೂರದ ಜೊತೆಗೆ ವಿಮೆಯ ಸ್ವರೂಪ, ಪ್ರಮಾಣಪತ್ರದ ನಿಯಮಗಳು, ಭಾಷೆ ಮತ್ತು ಆಡಳಿತದ ಗಡಿಗಳೂ ಕಾರಣವಾಗಿವೆ.

ಹಿನ್ನೆಲೆ

ಭಾರತದಲ್ಲಿ ನರವೈಜ್ಞಾನಿಕ ಕಾಯಿಲೆಗಳ ಹೊರೆ ಹೆಚ್ಚುತ್ತಿದೆ. 2021ರಲ್ಲಿ 'ದಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ಅಕಾಲಿಕ ಮರಣ ಮತ್ತು ಅಂಗವೈಕಲ್ಯದಿಂದ ದೇಶದಲ್ಲಿ ನಷ್ಟವಾಗುವ ಆರೋಗ್ಯಕರ ಜೀವಿತ ವರ್ಷಗಳನ್ನು ಲೆಕ್ಕಹಾಕಿತು. ಅದರ ಪ್ರಕಾರ ಸಾಂಕ್ರಾಮಿಕವಲ್ಲದ ನರವೈಜ್ಞಾನಿಕ ಕಾಯಿಲೆಗಳ ಪಾಲು 1990ರಲ್ಲಿ ಶೇ. 4.0 ಇದ್ದದ್ದು 2019ರಲ್ಲಿ ಶೇ. 8.2ಕ್ಕೆ ಏರಿತು. ನರವೈಜ್ಞಾನಿಕ ಕಾಯಿಲೆಗಳ ಒಟ್ಟು ಹೊರೆಯಲ್ಲಿ ಪಾರ್ಶ್ವವಾಯುವಿನ ಪಾಲೇ ಅತಿ ದೊಡ್ಡದಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ನಡೆದ ಮತ್ತೊಂದು ಅಂದಾಜಿನಂತೆ, 2019ರಲ್ಲಿ ಜಗತ್ತಿನ ಸುಮಾರು 241 ಕೋಟಿ ಜನರಿಗೆ ಪುನಶ್ಚೇತನದಿಂದ ಪ್ರಯೋಜನವಾಗಬಹುದಾದ ಯಾವುದಾದರೊಂದು ಆರೋಗ್ಯ ಸ್ಥಿತಿ ಇತ್ತು.

ನರವೈಜ್ಞಾನಿಕ ಪುನಶ್ಚೇತನವು ಒಬ್ಬ ತಜ್ಞರಿಂದ ಪೂರ್ಣಗೊಳ್ಳುವ ಕೆಲಸವಲ್ಲ. ನರರೋಗ ತಜ್ಞ ಅಥವಾ ಪುನಶ್ಚೇತನ ವೈದ್ಯ, ಫಿಸಿಯೋಥೆರಪಿಸ್ಟ್, ಆಕ್ಯುಪೇಶನಲ್ ಥೆರಪಿಸ್ಟ್, ವಾಕ್ ಚಿಕಿತ್ಸಕ, ಮನೋವಿಜ್ಞಾನಿ, ದಾದಿ, ಸಾಧನ ಸಲಕರಣೆ ತಯಾರಕ ಹಾಗೂ ಸಮಾಜ ಕಾರ್ಯಕರ್ತರು ಒಂದೇ ಗುರಿಯನ್ನಿಟ್ಟುಕೊಂಡು ಕೆಲಸ ಮಾಡುವ ತಂಡವನ್ನು ಇದು ಬಯಸುತ್ತದೆ. ಭಾರತದಲ್ಲಿ ಸಾಮಾನ್ಯವಾಗಿ ಪುನಶ್ಚೇತನವೆಂದರೆ ಫಿಸಿಯೋಥೆರಪಿ ಎಂದೇ ತಿಳಿಯಲಾಗುತ್ತದೆ. ಇದರಿಂದಾಗಿ ನುಂಗುವ ತೊಂದರೆ, ಮಾತಿನ ನಷ್ಟ, ನೆನಪಿನ ಕುಂದು, ಖಿನ್ನತೆ, ಮೂತ್ರಕೋಶದ ನಿಯಂತ್ರಣ ಮುಂತಾದ ವಿಷಯಗಳು ಚಿಕಿತ್ಸಾ ಯೋಜನೆಯಿಂದ ಹೊರಗುಳಿಯುವುದುಂಟು.

ಕಾಲದ ಮಹತ್ವ

ಪಾರ್ಶ್ವವಾಯುವಿನ ನಂತರ ಕೈಕಾಲುಗಳ ಚಲನೆಯಲ್ಲಿ ಆಗುವ ಚೇತರಿಕೆಯ ಹೆಚ್ಚಿನ ಭಾಗವು ಮೊದಲ ಮೂರು ತಿಂಗಳಲ್ಲಿ ನಡೆಯುತ್ತದೆ. ಆರು ತಿಂಗಳವರೆಗೆ ಅದು ನಿಧಾನವಾಗಿ ಮುಂದುವರಿಯುತ್ತದೆ. ಮಾತಿನ ಚೇತರಿಕೆ ಇನ್ನೂ ದೀರ್ಘಕಾಲ ಸಾಗಬಹುದು. ಮಿದುಳಿನ ಉಳಿದ ಭಾಗಗಳು ಹೊಸ ಸಂಪರ್ಕಗಳನ್ನು ರೂಪಿಸಿಕೊಳ್ಳುವ ಗುಣವೇ ಇದಕ್ಕೆ ಆಧಾರ. ಒಂದು ಕೆಲಸವನ್ನು ಮತ್ತೆ ಮತ್ತೆ ಅಭ್ಯಾಸ ಮಾಡುವುದರಿಂದ ಆ ಸಂಪರ್ಕಗಳು ಬಲಗೊಳ್ಳುತ್ತವೆ.

ಈ ಅವಧಿಯಲ್ಲಿ ಸರಿಯಾದ ಆರೈಕೆ ದೊರೆಯದಿದ್ದರೆ ಚೇತರಿಕೆ ಕುಂಠಿತವಾಗುವುದಲ್ಲದೆ ಹೊಸ ತೊಂದರೆಗಳೂ ಹುಟ್ಟಿಕೊಳ್ಳುತ್ತವೆ. ಸ್ವಾಧೀನವಿಲ್ಲದ ತೋಳನ್ನು ಹಿಡಿದೆಳೆದು ಎಬ್ಬಿಸುವುದರಿಂದ ಭುಜದ ನೋವು ಉಂಟಾಗುತ್ತದೆ. ಚಲನೆಯಿಲ್ಲದ ಕೀಲುಗಳು ಬಿಗಿಯುತ್ತವೆ. ನುಂಗುವ ಸಾಮರ್ಥ್ಯವನ್ನು ಪರೀಕ್ಷಿಸದೆ ಆಹಾರ ಕೊಟ್ಟರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಬೆನ್ನುಹುರಿಯ ಗಾಯವಾದವರಲ್ಲಿ ಒತ್ತಡದ ಹುಣ್ಣು ಮತ್ತು ಮೂತ್ರನಾಳದ ಸೋಂಕು ಜೀವಕ್ಕೆ ಅಪಾಯ ತರಬಲ್ಲವು. ಇವುಗಳಲ್ಲಿ ಬಹುಪಾಲನ್ನು ತರಬೇತಿ ಪಡೆದ ಕೈಗಳು ತಡೆಯಬಹುದು.

ಪ್ರದೇಶದಲ್ಲಿರುವ ಸೇವೆಗಳು

ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಇತಿಹಾಸ 1848ಕ್ಕೆ ಹೋಗುತ್ತದೆ. ಜಿಲ್ಲಾ ಆಸ್ಪತ್ರೆಯಾಗಿರುವ ಇದು ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಯಾಗಿಯೂ ಕಾರ್ಯನಿರ್ವಹಿಸುತ್ತದೆ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯನ್ನು ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಆರಂಭಿಸಿದರು. ದೇರಳಕಟ್ಟೆ, ಕುಂಟಿಕಾನ, ಅತ್ತಾವರ ಮೊದಲಾದ ಕಡೆಗಳಲ್ಲಿಯೂ ದೊಡ್ಡ ಬೋಧನಾ ಆಸ್ಪತ್ರೆಗಳಿವೆ. ಫಿಸಿಯೋಥೆರಪಿ ಮತ್ತು ವಾಕ್-ಶ್ರವಣ ವಿಜ್ಞಾನದ ಕಾಲೇಜುಗಳೂ ನಗರದಲ್ಲಿವೆ. ಜಿಲ್ಲೆಯ ವೈದ್ಯಕೀಯ ಕಾಲೇಜುಗಳನ್ನು ಖಾಸಗಿ ಸಂಸ್ಥೆಗಳು ನಡೆಸುತ್ತಿವೆ. ಉಡುಪಿ ಜಿಲ್ಲೆಯ ಮಣಿಪಾಲವು ಈ ಪ್ರದೇಶದ ಇನ್ನೊಂದು ಪ್ರಮುಖ ಚಿಕಿತ್ಸಾ ಕೇಂದ್ರ.

ರಾಜ್ಯ ಮಟ್ಟದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಅತಿ ಮುಖ್ಯ ಸಂಸ್ಥೆಯಾಗಿದೆ. ಹಿಂದಿನ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದುಗೂಡಿ ಇದು ರೂಪುಗೊಂಡಿತು. ಇಲ್ಲಿ ನರವೈಜ್ಞಾನಿಕ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಮಾತು ಮತ್ತು ನುಂಗುವಿಕೆಯ ತೊಂದರೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಿಂದ ಸೇವೆ ಸಲ್ಲಿಸುತ್ತಿದೆ. ಉತ್ತರ ಕರ್ನಾಟಕದಲ್ಲಿ ಧಾರವಾಡದ ಡಿಮ್ಹಾನ್ಸ್ ಕಾರ್ಯನಿರ್ವಹಿಸುತ್ತಿದೆ.

ಬೆಳ್ತಂಗಡಿ ತಾಲೂಕಿನ ಕೊಕ್ಕಡ ಸಮೀಪದ ಸೌತಡ್ಕದಲ್ಲಿ ಸೇವಾಭಾರತಿ ಸಂಸ್ಥೆಯು ಬೆನ್ನುಹುರಿಯ ಗಾಯಕ್ಕೆ ಒಳಗಾದವರಿಗಾಗಿ 'ಸೇವಾಧಾಮ' ಎಂಬ ಪುನಶ್ಚೇತನ ಕೇಂದ್ರವನ್ನು ನಡೆಸುತ್ತಿದೆ. ಈ ಕೇಂದ್ರವು ಗ್ರಾಮೀಣ ಭಾಗದಲ್ಲಿಯೇ ಇದೆ. ಅಡಿಕೆ ಮತ್ತು ತೆಂಗಿನ ಮರಗಳಿಂದ ಬೀಳುವುದು, ರಸ್ತೆ ಅಪಘಾತ ಇತ್ಯಾದಿಗಳಿಂದ ಬೆನ್ನುಹುರಿಗೆ ಗಾಯವಾಗುವ ಸಾಧ್ಯತೆ ಇರುವ ಕರಾವಳಿಯಲ್ಲಿ ಇಂತಹ ಸೇವೆಗೆ ವಿಶೇಷ ಮಹತ್ವವಿದೆ.

ಕೊರತೆಯ ಸ್ವರೂಪ

ವಿಮಾ ರಕ್ಷಣೆಯ ಮಿತಿ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಲಭ್ಯವಿದೆ. ಈ ಯೋಜನೆಯು ಮುಖ್ಯವಾಗಿ ಒಳರೋಗಿ ಚಿಕಿತ್ಸೆಯ ಪ್ಯಾಕೇಜುಗಳ ಮೇಲೆ ನಿಂತಿದೆ. ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯ ಚೌಕಟ್ಟಿನಲ್ಲಿ ಬಿಡುಗಡೆಯ ನಂತರದ ವೆಚ್ಚಕ್ಕೆ 15 ದಿನಗಳ ಮಿತಿಯಿದೆ. ಆದರೆ ಪಾರ್ಶ್ವವಾಯುವಿನ ನಂತರದ ಫಿಸಿಯೋಥೆರಪಿ ಮತ್ತು ವಾಕ್ ಚಿಕಿತ್ಸೆ ಹೊರರೋಗಿಯಾಗಿ, ವಾರಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ ನಡೆಯಬೇಕಾದವು. ಹೀಗಾಗಿ ಮಿದುಳಿನ ಶಸ್ತ್ರಚಿಕಿತ್ಸೆಗೆ ರಕ್ಷಣೆ ಪಡೆದ ಕುಟುಂಬವೇ ಮುಂದಿನ ಹಂತದ ವೆಚ್ಚವನ್ನು ಕೈಯಿಂದ ಭರಿಸಬೇಕಾಗುತ್ತದೆ. ದುಡಿಯುವ ವ್ಯಕ್ತಿಯೇ ಹಾಸಿಗೆ ಹಿಡಿದಾಗ ಪ್ರಯಾಣದ ಖರ್ಚು ಮತ್ತು ಜೊತೆಗೆ ಬರುವವರ ದಿನಗೂಲಿಯ ನಷ್ಟವೂ ಇದಕ್ಕೆ ಸೇರುತ್ತವೆ.

ರಾಷ್ಟ್ರೀಯ ನ್ಯಾಸ ಕಾಯ್ದೆ, 1999ರ ವ್ಯಾಪ್ತಿಗೆ ಬರುವವರಿಗೆ 'ನಿರಾಮಯ' ಎಂಬ ವಿಮಾ ಯೋಜನೆಯಿದ್ದು, ಅದರಲ್ಲಿ 1 ಲಕ್ಷ ರೂಪಾಯಿವರೆಗಿನ ರಕ್ಷಣೆಯ ಭಾಗವಾಗಿ ನಿರಂತರ ಥೆರಪಿಯ ವೆಚ್ಚವೂ ಸೇರಿದೆ. ಆದರೆ ಇದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ಅಂಗವೈಕಲ್ಯ ಹೊಂದಿದವರಿಗೆ ಮೀಸಲಾಗಿದೆ. ವಯಸ್ಕರಲ್ಲಿ ಕಾಣಿಸಿಕೊಳ್ಳುವ ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್ ಕಾಯಿಲೆ ಮಾತ್ರ ಇರುವವರು ಈ ಯೋಜನೆಯ ಹೊರಗಿದ್ದಾರೆ.

ಪ್ರಮಾಣಪತ್ರ ಮತ್ತು ಅವಧಿ

ಅಂಗವಿಕಲರ ಮಾಸಾಶನ, ಬಸ್ ಪಾಸ್ ಮುಂತಾದ ಸೌಲಭ್ಯಗಳಿಗೆ ಅಂಗವೈಕಲ್ಯ ಪ್ರಮಾಣಪತ್ರ ಅಗತ್ಯ. ಕೇಂದ್ರ ಸರ್ಕಾರವು 2018ರಲ್ಲಿ ಹೊರಡಿಸಿದ ಮೌಲ್ಯಮಾಪನ ಮಾರ್ಗಸೂಚಿಯ ಪ್ರಕಾರ, ನರವೈಜ್ಞಾನಿಕ ಸ್ಥಿತಿಗಳಲ್ಲಿ ಪ್ರಮಾಣಪತ್ರಕ್ಕಾಗಿ ನಡೆಸುವ ತಪಾಸಣೆಯು ಸಾಮಾನ್ಯವಾಗಿ ಕಾಯಿಲೆ ಆರಂಭವಾಗಿ ಆರು ತಿಂಗಳಾದ ಮೇಲೆ ನಡೆಯಬೇಕು. ನಿಖರವಾದ ಅವಧಿಯನ್ನು ತಪಾಸಣೆ ನಡೆಸುವ ವೈದ್ಯರು ನಿರ್ಧರಿಸಬಹುದು. ಚೇತರಿಕೆ ಒಂದು ಹಂತಕ್ಕೆ ಬಂದ ನಂತರವೇ ಶಾಶ್ವತ ನಷ್ಟವನ್ನು ಅಳೆಯಬೇಕೆಂಬ ವೈದ್ಯಕೀಯ ತರ್ಕ ಇದರ ಹಿಂದಿದೆ. ಆದರೆ ಇದರ ಪರಿಣಾಮವಾಗಿ, ಪುನಶ್ಚೇತನದಿಂದ ಅತಿ ಹೆಚ್ಚು ಫಲ ದೊರೆಯುವ ಮೊದಲ ಆರು ತಿಂಗಳಲ್ಲಿಯೇ ರೋಗಿಯು ಸಾಮಾನ್ಯವಾಗಿ ಕಾನೂನಿನ ದೃಷ್ಟಿಯಲ್ಲಿ ಅಂಗವಿಕಲನೆಂಬ ಮಾನ್ಯತೆ ಪಡೆದಿರುವುದಿಲ್ಲ. ಆಸ್ಪತ್ರೆಯ ನೆರವು ಮುಗಿದು ಸಮಾಜ ಕಲ್ಯಾಣದ ನೆರವು ಆರಂಭವಾಗುವುದರ ನಡುವೆ ಒಂದು ತೆರವು ಉಳಿಯುತ್ತದೆ.

ದೂರ ಮತ್ತು ಭೂಲಕ್ಷಣ

ಮಂಗಳೂರಿನಿಂದ ನಿಮ್ಹಾನ್ಸ್‌ಗೆ ಸುಮಾರು 350 ಕಿ.ಮೀ. ದೂರವಿದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಭೂಕುಸಿತವಾಗಿ ಸಂಚಾರ ಸ್ಥಗಿತಗೊಳ್ಳುವುದು ಮರುಕಳಿಸುತ್ತಿರುತ್ತದೆ. ಒಂದು ಬಾರಿಯ ತಪಾಸಣೆಗೆ ಇಷ್ಟು ದೂರ ಹೋಗಿಬರಬಹುದಾದರೂ ವಾರಕ್ಕೆ ಹಲವು ಬಾರಿ ಬೇಕಾಗುವ ಥೆರಪಿಗೆ ಇದು ಪ್ರಾಯೋಗಿಕವಲ್ಲ.

ಆಸ್ಪತ್ರೆಯು ಹತ್ತಿರದಲ್ಲಿದ್ದರೂ ಸೇವೆ ಕೈಗೆಟುಕದೆ ಹೋಗಬಹುದು. ನಗರದ ಪೂರ್ವ ಭಾಗದಲ್ಲಿರುವ ಕುಲಶೇಖರದ ಭೂಲಕ್ಷಣ ಇದಕ್ಕೆ ನಿದರ್ಶನ. ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿರುವ ಈ ಬಡಾವಣೆಯು ಮೂಡುಬಿದಿರೆ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 169ರಲ್ಲಿದ್ದು, ಕಂಕನಾಡಿಯ ಬೋಧನಾ ಆಸ್ಪತ್ರೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಮಂಗಳೂರಿನ ಇತರ ಭಾಗಗಳಂತೆ ಇಲ್ಲಿಯೂ ನೆಲವು ಕೆಂಪು ಮುರಕಲ್ಲಿನ ಏರುತಗ್ಗಿನಿಂದ ಕೂಡಿದೆ. ಇಂತಹ ನೆಲದಲ್ಲಿ ಮನೆಯಿಂದ ರಸ್ತೆಗೆ ಬರಲು ಮೆಟ್ಟಿಲು ಅಥವಾ ಕಡಿದಾದ ದಾರಿಯನ್ನು ದಾಟಬೇಕಾದರೆ ಒಂದು ಬದಿಯ ಕೈಕಾಲು ಸ್ವಾಧೀನ ತಪ್ಪಿದ ವ್ಯಕ್ತಿಗೆ ಅದೇ ಮೊದಲ ತಡೆ. ಎತ್ತರದ ಫುಟ್‌ಬೋರ್ಡ್ ಇರುವ ಬಸ್ಸುಗಳನ್ನು ಗಾಲಿಕುರ್ಚಿಯಲ್ಲಿರುವವರು ಹತ್ತಲಾರರು. ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ತೊಂದರೆ ಇಮ್ಮಡಿಯಾಗುತ್ತದೆ. ಆದ್ದರಿಂದ ಪುನಶ್ಚೇತನ ಸೇವೆಯ ಲಭ್ಯತೆಯನ್ನು ಆಸ್ಪತ್ರೆಗಳ ಸಂಖ್ಯೆಯಿಂದ ಮಾತ್ರ ಅಳೆಯಲಾಗದು.

ಗ್ರಾಮ ಮತ್ತು ನಗರದ ಭೇದ

ಕರ್ನಾಟಕದಲ್ಲಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಮತ್ತು ನಗರ ಸ್ಥಳೀಯ ಸಂಸ್ಥೆಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರನ್ನು ಗೌರವಧನದ ಆಧಾರದಲ್ಲಿ ನೇಮಿಸಿಕೊಂಡಿದೆ. ಇವರಲ್ಲಿ ಹಲವರು ಸ್ವತಃ ಅಂಗವಿಕಲರು. ಮನೆಮನೆಗೆ ತೆರಳಿ ಅಂಗವಿಕಲರನ್ನು ಗುರುತಿಸುವುದು, ಪ್ರಮಾಣಪತ್ರ ಮತ್ತು ಮಾಸಾಶನಕ್ಕೆ ನೆರವಾಗುವುದು ಇವರ ಮುಖ್ಯ ಕೆಲಸ. ಇವರು ಥೆರಪಿಸ್ಟ್‌ಗಳಲ್ಲ. ಹೀಗಾಗಿ ಮನೆಯ ಬಾಗಿಲಿಗೆ ತಲುಪುವ ಕಾರ್ಯಕರ್ತರಿಗೆ ಚಿಕಿತ್ಸೆಯ ತರಬೇತಿಯಿಲ್ಲ. ಚಿಕಿತ್ಸೆ ಬಲ್ಲವರು ಆಸ್ಪತ್ರೆಯಿಂದ ಹೊರಗೆ ಬರುವ ವ್ಯವಸ್ಥೆ ವಿರಳವಾಗಿದೆ. ಆಯುಷ್ಮಾನ್ ಆರೋಗ್ಯ ಮಂದಿರಗಳಿಗೆ ನಿಗದಿಯಾಗಿರುವ 12 ಸೇವಾ ಗುಂಪುಗಳಲ್ಲಿ ವೃದ್ಧರ ಆರೈಕೆ, ಉಪಶಾಮಕ ಆರೈಕೆ ಮತ್ತು ಮಾನಸಿಕ ಆರೋಗ್ಯ ಸೇರಿದ್ದರೂ ಪುನಶ್ಚೇತನವು ಪ್ರತ್ಯೇಕ ಶೀರ್ಷಿಕೆಯಾಗಿಲ್ಲ.

ವಯಸ್ಸಿನ ಗಡಿ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳನ್ನು ರೂಪಿಸಲಾಗಿದೆ. ಸೆರೆಬ್ರಲ್ ಪಾಲ್ಸಿ ಅಥವಾ ಬೆಳವಣಿಗೆಯ ವಿಳಂಬವಿರುವ ಮಕ್ಕಳಿಗೆ ಹಲವು ಬಗೆಯ ಥೆರಪಿ ಒಂದೇ ಸೂರಿನಡಿ ದೊರೆಯಬೇಕೆಂಬುದು ಇದರ ಉದ್ದೇಶ. ಆದರೆ ಈ ಕಾರ್ಯಕ್ರಮದ ವ್ಯಾಪ್ತಿ 18 ವರ್ಷಕ್ಕೆ ಮುಗಿಯುತ್ತದೆ. ಸೆರೆಬ್ರಲ್ ಪಾಲ್ಸಿ ಜೀವಮಾನವಿಡೀ ಇರುವ ಸ್ಥಿತಿಯಾದುದರಿಂದ, ಪ್ರಾಯಕ್ಕೆ ಬಂದ ಮೇಲೆ ಸೇವೆ ಎಲ್ಲಿಂದ ಮುಂದುವರಿಯಬೇಕೆಂಬ ಪ್ರಶ್ನೆ ಉಳಿಯುತ್ತದೆ.

ಭಾಷೆ

ಮಿದುಳಿನ ಎಡಭಾಗಕ್ಕೆ ಹಾನಿಯಾದಾಗ ಹಲವರಲ್ಲಿ ಅಫೇಸಿಯಾ, ಅಂದರೆ ಮಾತನಾಡುವ ಅಥವಾ ಮಾತನ್ನು ಅರ್ಥಮಾಡಿಕೊಳ್ಳುವ ಶಕ್ತಿಯ ನಷ್ಟ, ಕಾಣಿಸಿಕೊಳ್ಳುತ್ತದೆ. ಮಂಗಳೂರಿನಲ್ಲಿ ತುಳು, ಕೊಂಕಣಿ, ಬ್ಯಾರಿ ಮತ್ತು ಕನ್ನಡ ಒಟ್ಟಿಗೆ ಬಳಕೆಯಲ್ಲಿವೆ. ಮನೆಯಲ್ಲಿ ಕೊಂಕಣಿ, ನೆರೆಹೊರೆಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ ಎಂಬ ಬಳಕೆಯೂ ಸಾಮಾನ್ಯ. ಬಹುಭಾಷಿಕರಲ್ಲಿ ಎಲ್ಲ ಭಾಷೆಗಳು ಒಂದೇ ಪ್ರಮಾಣದಲ್ಲಿ ನಷ್ಟವಾಗುವುದಿಲ್ಲ, ಒಂದೇ ವೇಗದಲ್ಲಿ ಮರಳುವುದೂ ಇಲ್ಲ. ಅಫೇಸಿಯಾದ ತೀವ್ರತೆಯನ್ನು ಅಳೆಯುವ ಪ್ರಮುಖ ಪರೀಕ್ಷೆಯೊಂದನ್ನು ಕನ್ನಡಕ್ಕೆ ಅಳವಡಿಸಲಾಗಿದೆ. ಆದರೆ ರೋಗಿಯು ಮನೆಯಲ್ಲಿ ಆಡುವ ಭಾಷೆ ಬೇರೆಯಾಗಿದ್ದರೆ ಕನ್ನಡದ ಪರೀಕ್ಷೆಯೊಂದರಿಂದಲೇ ಅವರ ನಿಜವಾದ ಸಾಮರ್ಥ್ಯವನ್ನು ತಿಳಿಯಲಾಗದು.

ಗಡಿಯಾಚೆಯ ಅವಲಂಬನೆ

ಕನ್ನಡ ಭಾಷಿಕರು ಗಣನೀಯ ಸಂಖ್ಯೆಯಲ್ಲಿರುವ ಕಾಸರಗೋಡು ಜಿಲ್ಲೆಯ ಜನರು ವಿಶೇಷ ಚಿಕಿತ್ಸೆಗೆ ದೀರ್ಘಕಾಲದಿಂದ ಮಂಗಳೂರನ್ನು ಅವಲಂಬಿಸಿದ್ದಾರೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಸಂದರ್ಭದಲ್ಲಿ ಕರ್ನಾಟಕವು ತಲಪಾಡಿ ಸೇರಿದಂತೆ ಗಡಿ ರಸ್ತೆಗಳನ್ನು ಮುಚ್ಚಿದಾಗ ಈ ಅವಲಂಬನೆಯ ಅಪಾಯ ಬಹಿರಂಗವಾಯಿತು. ವಿಷಯವು ನ್ಯಾಯಾಲಯಕ್ಕೆ ಹೋಗಿ, 2020ರ ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆಗಳನ್ನು ತೆರವುಗೊಳಿಸಲು ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ನಂತರ ಸುಪ್ರೀಂ ಕೋರ್ಟ್ ಮುಂದೆ ತುರ್ತು ರೋಗಿಗಳ ಸಂಚಾರದ ಬಗ್ಗೆ ಒಮ್ಮತಕ್ಕೆ ಬರಲಾಯಿತು. ಕಾಸರಗೋಡಿನ ಉಕ್ಕಿನಡ್ಕದಲ್ಲಿ 2013ರಲ್ಲಿ ಶಂಕುಸ್ಥಾಪನೆಗೊಂಡ ಸರ್ಕಾರಿ ವೈದ್ಯಕೀಯ ಕಾಲೇಜಿನ ಹೊರರೋಗಿ ವಿಭಾಗವು 2022ರ ಜನವರಿಯಲ್ಲಿ ಆರಂಭವಾಯಿತು. ವಿಮೆ ಮತ್ತು ಮಾಸಾಶನ ಯೋಜನೆಗಳನ್ನು ಎರಡೂ ರಾಜ್ಯ ಸರ್ಕಾರಗಳು ಪ್ರತ್ಯೇಕವಾಗಿ ನಡೆಸುವುದರಿಂದ, ಮಂಗಳೂರಿನಲ್ಲಿ ಚಿಕಿತ್ಸೆ ಪಡೆದು ಕಾಸರಗೋಡಿನ ಮನೆಗೆ ಮರಳುವ ರೋಗಿಯ ಮುಂದಿನ ಆರೈಕೆಯು ಎರಡು ವ್ಯವಸ್ಥೆಗಳ ನಡುವೆ ಹಂಚಿಹೋಗುತ್ತದೆ.

ಎಂಡೋಸಲ್ಫಾನ್ ಸಂತ್ರಸ್ತರು

ಗಡಿಯ ಎರಡೂ ಬದಿಯ ಗೇರು ತೋಟಗಳಲ್ಲಿ ಎಂಡೋಸಲ್ಫಾನ್ ಕೀಟನಾಶಕವನ್ನು ಹೆಲಿಕಾಪ್ಟರ್ ಮೂಲಕ ಸಿಂಪಡಿಸಲಾಗಿತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿ ಮಧ್ಯಂತರ ಆದೇಶ ನೀಡಿತು. ಸಂತ್ರಸ್ತರೆಂದು ಗುರುತಿಸಲಾದವರಲ್ಲಿ ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಮೂರ್ಛೆರೋಗ ಇರುವವರೂ ಸೇರಿದ್ದಾರೆ. ದಕ್ಷಿಣ ಕನ್ನಡದಲ್ಲಿ ಇವರಿಗಾಗಿ ಕೊಕ್ಕಡ ಮತ್ತು ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳು ಸ್ಥಾಪನೆಗೊಂಡವು. ಹಾಸಿಗೆ ಹಿಡಿದ ಮಕ್ಕಳು ಪ್ರಾಯಕ್ಕೆ ಬಂದು, ಅವರನ್ನು ನೋಡಿಕೊಳ್ಳುವ ಹೆತ್ತವರು ವೃದ್ಧರಾಗುತ್ತಿರುವುದು ಈ ಕುಟುಂಬಗಳ ದೊಡ್ಡ ಚಿಂತೆ. ಪೋಷಕರ ಕಾಲಾನಂತರದ ಆಶ್ರಯಕ್ಕಾಗಿ ಶಾಶ್ವತ ಪುನರ್ವಸತಿ ಕೇಂದ್ರ ಬೇಕೆಂಬ ಬೇಡಿಕೆ ಇದರಿಂದಲೇ ಹುಟ್ಟಿದೆ.

ಕುಟುಂಬದ ಪಾತ್ರ

ತಜ್ಞರ ಕೊರತೆಯನ್ನು ಕುಟುಂಬದವರಿಗೆ ತರಬೇತಿ ನೀಡಿ ತುಂಬಬಹುದೇ ಎಂಬುದನ್ನು ಭಾರತದಲ್ಲಿಯೇ ಪರೀಕ್ಷಿಸಲಾಗಿದೆ. 'ಅಟೆಂಡ್' ಎಂಬ ಹೆಸರಿನ ಈ ಅಧ್ಯಯನವು ದೇಶದ 14 ಆಸ್ಪತ್ರೆಗಳ 1,250 ಪಾರ್ಶ್ವವಾಯು ರೋಗಿಗಳನ್ನು ಒಳಗೊಂಡಿತ್ತು. ಫಲಿತಾಂಶವು 2017ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸಾಮಾನ್ಯ ಆರೈಕೆಯ ಜೊತೆಗೆ ಕುಟುಂಬದ ಸದಸ್ಯರೊಬ್ಬರ ಮೂಲಕ ಪುನಶ್ಚೇತನದ ತರಬೇತಿ ನೀಡಲಾಯಿತು. ಇನ್ನೊಂದು ಗುಂಪಿಗೆ ಸಾಮಾನ್ಯ ಆರೈಕೆ ಮಾತ್ರ ದೊರೆಯಿತು. ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ಶೇ. 47ರಷ್ಟು ಜನರು ಮೃತಪಟ್ಟಿದ್ದರು ಅಥವಾ ಪರಾವಲಂಬಿಗಳಾಗಿದ್ದರು. ಕುಟುಂಬದ ಆರೈಕೆ ಅನಗತ್ಯವೆಂದು ಇದರ ಅರ್ಥವಲ್ಲ. ವೃತ್ತಿಪರ ಸೇವೆಯ ಬದಲಿಗೆ ಕುಟುಂಬವನ್ನು ನಿಲ್ಲಿಸುವುದರಿಂದ ಕೊರತೆ ನೀಗುತ್ತದೆಂದು ಭಾವಿಸಲು ಆಧಾರವಿಲ್ಲ ಎಂಬುದನ್ನು ಇದು ತೋರಿಸುತ್ತದೆ.

ಆರೈಕೆಯ ಹೊಣೆಯು ಹೆಚ್ಚಾಗಿ ಮನೆಯ ಹೆಂಗಸರ ಮೇಲೆ ಬೀಳುತ್ತದೆ. ಕರ್ನಾಟಕದ 2024–25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನವನ್ನು ಘೋಷಿಸಲಾಯಿತು. ಆರೈಕೆಯನ್ನು ದುಡಿಮೆಯೆಂದು ಗುರುತಿಸಿದ ಕ್ರಮವಾದರೂ, ಹೀಗೆ ಹೆಸರಿಸಿದ ಸ್ಥಿತಿಗಳಲ್ಲಿ ಪಾರ್ಶ್ವವಾಯು ಸೇರಿಲ್ಲ.

ಕಾನೂನು ಮತ್ತು ಅಂಕಿಅಂಶ

ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಅಂಗವೈಕಲ್ಯದ ವರ್ಗಗಳನ್ನು 21ಕ್ಕೆ ಏರಿಸಿ, ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್ ಮತ್ತು ಇತರ ದೀರ್ಘಕಾಲಿಕ ನರವೈಜ್ಞಾನಿಕ ಸ್ಥಿತಿಗಳನ್ನು ಸೇರಿಸಿತು. ಇದರ 27ನೇ ಪ್ರಕರಣವು ಸರ್ಕಾರಗಳು ಮತ್ತು ಸ್ಥಳೀಯ ಸಂಸ್ಥೆಗಳು ಪುನರ್ವಸತಿ ಸೇವೆ ಒದಗಿಸಬೇಕೆಂದು ಹೇಳುತ್ತದೆ. ಆದರೆ ಈ ಹೊಣೆಯನ್ನು ಅವುಗಳ ಆರ್ಥಿಕ ಸಾಮರ್ಥ್ಯದ ಮಿತಿಗೆ ಒಳಪಡಿಸಲಾಗಿದೆ.

ಯೋಜನೆಗೆ ಬೇಕಾದ ಅಂಕಿಅಂಶಗಳಲ್ಲಿಯೂ ಕೊರತೆಯಿದೆ. 2011ರ ಜನಗಣತಿಯು ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಗುರುತಿಸಿತು. ಆಗ ಬಳಸಿದ್ದು 8 ವರ್ಗಗಳನ್ನು ಮಾತ್ರ. ಪಾರ್ಶ್ವವಾಯುವಿನಿಂದ ನಡಿಗೆ ಕಳೆದುಕೊಂಡವರು ಮತ್ತು ಪೋಲಿಯೊದಿಂದ ಬಾಧಿತರಾದವರು ಒಂದೇ 'ಚಲನೆ'ಯ ವರ್ಗಕ್ಕೆ ಸೇರಿದುದರಿಂದ, ಎಷ್ಟು ಜನರಿಗೆ ಯಾವ ಬಗೆಯ ಪುನಶ್ಚೇತನ ಬೇಕು ಎಂಬುದು ಈ ಲೆಕ್ಕದಿಂದ ತಿಳಿಯುವುದಿಲ್ಲ.

ಸುಧಾರಣೆಯ ಪ್ರಯತ್ನಗಳು

2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿದವು. ಬೆಂಗಳೂರಿನ ಜಯನಗರ ಸಾರ್ವಜನಿಕ ಆಸ್ಪತ್ರೆ ಹಾಗೂ ಕೋಲಾರ ಮತ್ತು ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗಳಲ್ಲಿ ಪ್ರಾಯೋಗಿಕವಾಗಿ ಮಿದುಳು ಆರೋಗ್ಯ ಚಿಕಿತ್ಸಾಲಯಗಳು ತೆರೆದವು. ಮುಂದೆ ಇದನ್ನು ಇತರ ಜಿಲ್ಲಾ ಆಸ್ಪತ್ರೆಗಳಿಗೂ ವಿಸ್ತರಿಸಲಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ನೀಡಿ, ಕಾಯಿಲೆಯನ್ನು ಬೇಗ ಗುರುತಿಸಿ, ಜಿಲ್ಲೆಯಲ್ಲಿಯೇ ಚಿಕಿತ್ಸೆ ಒದಗಿಸುವುದು ಇದರ ಉದ್ದೇಶ.

2020ರ ಮಾರ್ಚ್‌ನಲ್ಲಿ ಪ್ರಕಟವಾದ ದೂರವೈದ್ಯಕೀಯ ಮಾರ್ಗಸೂಚಿಯ ನಂತರ ದೂರಸಂಪರ್ಕದ ಮೂಲಕ ಸಲಹೆ ಪಡೆಯುವುದು ವ್ಯಾಪಕವಾಯಿತು. ವಾಕ್ ಚಿಕಿತ್ಸೆ ಮತ್ತು ವ್ಯಾಯಾಮದ ಮೇಲ್ವಿಚಾರಣೆಗೆ ಇದು ಉಪಯುಕ್ತ. ಆದರೆ ಕೀಲು ಬಿಗಿತ ನಿವಾರಣೆ, ನುಂಗುವಿಕೆಯ ಪರೀಕ್ಷೆ ಮೊದಲಾದ ಕೆಲಸಗಳಿಗೆ ತಜ್ಞರು ರೋಗಿಯ ಬಳಿಯಲ್ಲಿಯೇ ಇರಬೇಕಾಗುತ್ತದೆ.

ಜಾಗತಿಕವಾಗಿ 2022ರ ವಿಶ್ವ ಆರೋಗ್ಯ ಸಮಾವೇಶವು ಮೂರ್ಛೆರೋಗ ಮತ್ತು ಇತರ ನರವೈಜ್ಞಾನಿಕ ಕಾಯಿಲೆಗಳ ಕುರಿತು 2022–2031ರ ಕ್ರಿಯಾ ಯೋಜನೆಯನ್ನು ಅಂಗೀಕರಿಸಿತು. 2023ರಲ್ಲಿ ಆರೋಗ್ಯ ವ್ಯವಸ್ಥೆಯ ಎಲ್ಲ ಹಂತಗಳಲ್ಲಿ ಪುನಶ್ಚೇತನವನ್ನು ಬಲಪಡಿಸುವ ನಿರ್ಣಯವನ್ನೂ ಕೈಗೊಂಡಿತು. ಪುನಶ್ಚೇತನವು ಪ್ರಾಥಮಿಕ ಆರೋಗ್ಯ ಸೇವೆಯ ಭಾಗವಾಗಬೇಕು ಎಂಬುದು ಇವುಗಳ ಆಶಯ. ಥೆರಪಿ ಕಲಿಯುವ ವಿದ್ಯಾರ್ಥಿಗಳು ಹಲವರಿರುವ ಮಂಗಳೂರು ಪ್ರದೇಶದಲ್ಲಿ ಈ ಆಶಯವು ಕಾರ್ಯರೂಪಕ್ಕೆ ಬರುವುದು ಮೂರು ಸಂಗತಿಗಳನ್ನು ಅವಲಂಬಿಸಿದೆ: ಬಿಡುಗಡೆಯ ಸಮಯದಲ್ಲಿಯೇ ರೋಗಿಯನ್ನು ಸ್ಥಳೀಯ ಸೇವೆಗೆ ಜೋಡಿಸುವುದು, ಹೊರರೋಗಿ ಥೆರಪಿಗೆ ವಿಮೆ ದೊರೆಯುವುದು ಮತ್ತು ತರಬೇತಿ ಪಡೆದ ಸಿಬ್ಬಂದಿ ಆಸ್ಪತ್ರೆಯ ಹೊರಗೂ ಲಭ್ಯವಾಗುವುದು.